ಹೆಸರಿಲ್ಲದ ಗ್ಲೇಜ್ ಪುಡಿ, ಜಾಲರಿ ಇಲ್ಲದ ಪಗ್ ಮಿಲ್: ಕೊಳ್ಳುವ ಮೊದಲು ಓದಿ

ಮನೆಯಲ್ಲೇ ಕುಂಬಾರಿಕೆ ಶುರು ಮಾಡುವವರು ಈಗ ಜಾಸ್ತಿ. ಅವರಿಗೆ ಬಾಯಿಮಾತಿನಲ್ಲಿ ಸಾಮಾನು ಮಾರುವವರೂ ಜಾಸ್ತಿ. ನಮಗೆ ಆದದ್ದು ಬೇರೆಯವರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಾನು, ಅತ್ತಿಗೆ ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ತಿಗರಿ ಮತ್ತು ಒಂದು ಸಣ್ಣ ಕರೆಂಟ್ ಕಿಲ್ನ್ (ಮಡಕೆ ಸುಡುವ ಗೂಡು) ಇಟ್ಟುಕೊಂಡಿದ್ದೇವೆ. ಪಾತ್ರೆಗೆ ಬಳಿದು ಸುಟ್ಟರೆ ಗಾಜಿನಂಥ ಹೊಳಪು ಕೊಡುವ ಗ್ಲೇಜನ್ನೂ, ಮಣ್ಣು ಕಲಸುವ ಯಂತ್ರವಾದ ಪಗ್ ಮಿಲ್ಲನ್ನೂ ಒಬ್ಬರೇ ವ್ಯಾಪಾರಿಯಿಂದ ತಂದೆವು. ಹಸಿರು ಗ್ಲೇಜ್ ಪುಡಿ ಪ್ಲಾಸ್ಟಿಕ್ ಕವರಿನಲ್ಲಿತ್ತು. ಮೇಲೆ ಪೆನ್ನಿನಲ್ಲಿ ಬಣ್ಣ, ತೂಕ, ಅಷ್ಟೇ. ಒಳಗೇನಿದೆ ಅಂತ ಕೇಳಿದೆವು. "ಸೀಸ ಇಲ್ಲ ಮೇಡಂ, ಊಟಕ್ಕೆ ಧಾರಾಳವಾಗಿ ಬಳಸಿ" ಅಂದರು. ಬಿಲ್ಲಿನಲ್ಲಿ ಮಾತ್ರ ಹಾಗೆ ಬರೆದುಕೊಡಲಿಲ್ಲ.

ಸುಟ್ಟ ಮೇಲೆ ಬಟ್ಟಲುಗಳು ಪಳಪಳ ಹೊಳೆಯುತ್ತಿದ್ದವು. ಒಂದರಲ್ಲಿ ಅತ್ತಿಗೆ ನಿಂಬೆ ಉಪ್ಪಿನಕಾಯಿ ಹಾಕಿಟ್ಟಿದ್ದರು. ಖಾಲಿಯಾದ ಮೇಲೆ ತೊಳೆದು ನೋಡಿದರೆ, ರಸ ನಿಂತ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ. ಗೆರೆಯ ಮೇಲೆ ಹೊಳಪು, ಕೆಳಗೆ ಮಂಕು. ಉಗುರು ಆಡಿಸಿದರೆ ಮೇಲೆ ಜಾರುತ್ತಿತ್ತು, ಕೆಳಗೆ ತರಿತರಿ.

ಇನ್ನೊಂದು ಬಟ್ಟಲನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟೆವು. 4% ಅಸೆಟಿಕ್ ಆಮ್ಲ (ವಿನೆಗರಿನಲ್ಲಿರುವ ಹುಳಿ) ತುಂಬಿ 24 ಗಂಟೆ ಇಟ್ಟು, ಎಷ್ಟು ಸೀಸ ಬಿಟ್ಟಿದೆ ಅಂತ ಅಳೆಯುತ್ತಾರೆ. ನಮ್ಮದು ಮಿತಿ ಮೀರಿತ್ತು.

ಸೀಸ ಹಾಕಿದರೆ ಗ್ಲೇಜ್ ಕಡಿಮೆ ಶಾಖಕ್ಕೇ ಕರಗುತ್ತದೆ, ಬಣ್ಣವೂ ಎದ್ದು ಕಾಣುತ್ತದೆ. ಕೆಲವರು ಇನ್ನೂ ಅದನ್ನು ಬಿಡದಿರುವುದು ಅದಕ್ಕೇ. ಹಸಿರಿಗೆ ಹಾಕುವ ತಾಮ್ರ ಜೊತೆಗಿದ್ದರೆ ಸೀಸ ಇನ್ನೂ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಹುಳಿ ತಾಗಿದರೆ ಸೀಸ ಊಟಕ್ಕೆ ಬಿಡುತ್ತದೆ; ನಮ್ಮ ಅಡುಗೆಯಲ್ಲಿ ಹುಣಸೆ, ನಿಂಬೆ, ಮೊಸರು ಇಲ್ಲದ ದಿನ ಇದೆಯಾ? ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ. ಸುಡುವಾಗ ಅದು ಆವಿಯಾಗಿ ಕಿಲ್ನ್ ಗೋಡೆಗೂ ಶೆಲ್ಫಿಗೂ ಹತ್ತುತ್ತದೆ. ಆಮೇಲೆ ಒಳ್ಳೆ ಗ್ಲೇಜ್ ಸುಟ್ಟರೂ ಅನುಮಾನ ತಪ್ಪಿದ್ದಲ್ಲ. ನಮಗೆ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೆ.

ಮನೆಯಲ್ಲಿ ನಿಂಬೆಹೋಳು ಇಟ್ಟು ಪರೀಕ್ಷೆ ಮಾಡಿ ಅಂತ ಹೇಳುವವರಿದ್ದಾರೆ. ಬಣ್ಣ ಮಾಸಿದರೆ ಗ್ಲೇಜ್ ಕೆಟ್ಟದು ಅಂತ ಗೊತ್ತಾಗುತ್ತದೆ, ನಿಜ. ಮಾಸದಿದ್ದರೆ ಸೀಸ ಇಲ್ಲ ಅಂತ ಅರ್ಥವಲ್ಲ.

ಇನ್ನು ಪಗ್ ಮಿಲ್. ಮಣ್ಣು ಹಾಕುವ ಬಾಯಿಗೆ ಜಾಲರಿಯೇ ಇರಲಿಲ್ಲ. ಸ್ವಿಚ್ ಇದ್ದದ್ದು ಹಿಂಬದಿಯಲ್ಲಿ. ಒಂದು ದಿನ ಅತ್ತಿಗೆಯ ದುಪಟ್ಟಾ ತುದಿ ಒಳಗೆ ಸಿಕ್ಕಿತು. ನಾನು ಪಕ್ಕದಲ್ಲೇ ಇದ್ದೆ, ಪ್ಲಗ್ ಕಿತ್ತೆ. ದುಪಟ್ಟಾ ಹರಿಯಿತು, ಅವರ ಕುತ್ತಿಗೆ ಉಳಿಯಿತು. ಸ್ಟೇನ್‌ಲೆಸ್ ಅಂತ ಮಾರಿದ್ದ ಕೊಳವೆಯ ಒಳಗೆ ತುಕ್ಕು. ಬಿಳಿ ಮಣ್ಣಿನ ತುಂಬ ಕಂದು ಚುಕ್ಕೆ.

ಒಣ ಪುಡಿಯನ್ನೇ ಯಂತ್ರಕ್ಕೆ ಸುರಿದು ನೀರು ಹಾಕಿ ಅಂತಲೂ ಅದೇ ವ್ಯಾಪಾರಿ ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಅದರಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಪುಡಿ ಮುಟ್ಟುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ನಿಜ ಹೇಳಬೇಕೆಂದರೆ ಮನೆಮಟ್ಟದ ಕೆಲಸಕ್ಕೆ ಪಗ್ ಮಿಲ್ ಬೇಕೇ ಆಗಿಲ್ಲ. ಉಳಿದ ಮಣ್ಣನ್ನು ಪೂರ್ತಿ ಒಣಗಿಸಿ ಬಕೆಟ್ ನೀರಿನಲ್ಲಿ ನೆನೆಹಾಕಿ. ಅರೆಒಣಗಿದ್ದಕ್ಕಿಂತ ಪೂರ್ತಿ ಒಣಗಿದ್ದೇ ಬೇಗ ಕರಗುತ್ತದೆ. ಆಮೇಲೆ ಪ್ಲಾಸ್ಟರ್ ಹಲಗೆಯ ಮೇಲೆ ಹರಡಿ, ನೀರು ಹೀರಿದ ಮೇಲೆ ಕೈಯಲ್ಲಿ ನಾದಿ. ಯಂತ್ರ ಬೇಕೇ ಬೇಕು ಅಂದರೆ ಜಾಲರಿ, ಕೈಗೆಟುಕುವ ಸ್ಟಾಪ್ ಬಟನ್, ಅರ್ತಿಂಗ್ ಮೂರನ್ನೂ ನೋಡಿ, ಮಣ್ಣು ಹಾಕಿ ಓಡಿಸಿಯೇ ದುಡ್ಡು ಕೊಡಿ.

ಗ್ಲೇಜ್ ಕೊಳ್ಳುವಾಗ ಅದರಲ್ಲಿ ಏನೇನಿದೆ, ಎಷ್ಟು ಶಾಖಕ್ಕೆ ಸುಡಬೇಕು ಅನ್ನುವುದನ್ನು ಬರಹದಲ್ಲಿ ಕೇಳಿ. ಸುಡುವ ಶಾಖವನ್ನು ಕೋನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ: ಕೋನ್ 06 ಅಂದರೆ ಸುಮಾರು 1000 ಡಿಗ್ರಿ, ಕೋನ್ 6 ಅಂದರೆ ಸುಮಾರು 1220. ಎರಡೂ ಬೇರೆ ಬೇರೆ, ನಿಮ್ಮ ಮಣ್ಣಿಗೆ ಹೊಂದುವುದನ್ನೇ ತನ್ನಿ. ಕಾಗದ ಕೊಡದ ಅಂಗಡಿಯಿಂದ ಹಾಗೇ ಎದ್ದು ಬನ್ನಿ.

ನಾವು ಹಂಚಿದ್ದ ಬಟ್ಟಲುಗಳನ್ನೆಲ್ಲ ಫೋನ್ ಮಾಡಿ ವಾಪಸ್ ತರಿಸುತ್ತಿದ್ದೇವೆ. ನಿಮ್ಮಲ್ಲೂ ಇಂಥ ಪುಡಿ ಇದ್ದರೆ ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ಮುಚ್ಚಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಂಥ ಪಾತ್ರೆಯಲ್ಲಿ ಮಕ್ಕಳು ಉಂಡಿದ್ದರೆ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ.