ಬೆಂಟೊನೈಟ್: ಸೋಡಿಯಂ ಬಗೆಯೋ, ಸಾವಯವ ಬಗೆಯೋ?

ಕಾರವಾರದ ಬೈತಖೋಲ ಬಂದರಿನ ದೋಣಿಗಳ ತಳದಲ್ಲಿ ನಿಲ್ಲುವ ಡೀಸೆಲ್ ಬೆರೆತ ನೀರನ್ನು ಜೇಡಿಮಣ್ಣಿನಿಂದ ಶುದ್ಧಮಾಡುವುದೇ ನಿಮ್ಮ ಕಾಲೇಜು ಪ್ರಾಜೆಕ್ಟ್ ಆದರೆ, ಮೊದಲು ಗುಡ್ಡದ ಜಂಬಿಟ್ಟಿಗೆ ಮಣ್ಣಿನ ಆಸೆ ಬಿಡಿ. ಅದರ ಜೇಡಿಯಲ್ಲಿ ಹೆಚ್ಚಿರುವುದು ಕಯೋಲಿನೈಟ್ ಎಂಬ ಖನಿಜ. ಅದರ ಅಯಾನು ವಿನಿಮಯ ಸಾಮರ್ಥ್ಯ, ಅಂದರೆ ತನ್ನಲ್ಲಿರುವ ಅಯಾನು ಬಿಟ್ಟು ಬೇರೆಯದನ್ನು ಹಿಡಿಯುವ ಶಕ್ತಿ, 100 ಗ್ರಾಮಿಗೆ 3ರಿಂದ 15 ಮಿಲಿಈಕ್ವಿವಲೆಂಟ್ ಅಷ್ಟೇ. ಗುಜರಾತಿನ ಕಛ್‌ನಿಂದ ಬರುವ ಬೆಂಟೊನೈಟ್ ಎಂಬ ಜೇಡಿಯ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್‌ನಲ್ಲಿ ಅದು ಸಾಮಾನ್ಯವಾಗಿ 80ರಿಂದ 120.

ಪದರಗಳ ನಡುವೆ ಸೋಡಿಯಂ ಅಯಾನು ಇರುವ ಸೋಡಿಯಂ ಬಗೆಯ ಬೆಂಟೊನೈಟ್ ಅಗ್ಗ. ಸಿಹಿನೀರಲ್ಲಿ ಚೆನ್ನಾಗಿ ಉಬ್ಬುತ್ತದೆ. ಸೀಸ, ತಾಮ್ರದ ಅಯಾನುಗಳನ್ನು ಹಿಡಿಯುತ್ತದೆ. ಎಣ್ಣೆಗೆ ಮಾತ್ರ ಒಲಿಯದು. ಸಮುದ್ರದ ಉಪ್ಪುನೀರಲ್ಲಂತೂ ಉಬ್ಬುವುದೂ ಕುಗ್ಗುತ್ತದೆ.

ಸಾವಯವ ಬಗೆಯಲ್ಲಿ ಪದರಗಳ ನಡುವಿನ ಸೋಡಿಯಂ ಹೊರಬಿದ್ದು, ಸಿಟಿಎಬಿ (ಸೆಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ಎಂಬ ಲವಣದ ಉದ್ದಬಾಲದ ಅಯಾನು ಅಲ್ಲಿ ಕೂರುತ್ತದೆ. ಪದರಗಳು ದೂರ ಸರಿಯುತ್ತವೆ, ನೀರನ್ನು ದೂಡುವ ಆ ಸಂದಿಗೆ ಡೀಸೆಲ್ ಸೇರಿಕೊಳ್ಳುತ್ತದೆ. ಬೈತಖೋಲಕ್ಕೆ ನನ್ನ ಆಯ್ಕೆ ಇದೇ, ಖರ್ಚು ಹೆಚ್ಚಾದರೂ. ದಪ್ಪಗೆ ತೇಲುವ ಎಣ್ಣೆಯನ್ನು ಮೊದಲೇ ಕೆನೆಯಂತೆ ತೆಗೆದುಬಿಡಿ. ಅದಕ್ಕೆಲ್ಲ ಈ ಪುಡಿ ಸುರಿಯುವುದು ದಂಡ. ಸಿಟಿಎಬಿ ಸೇರಿಸಿದ ಜೇಡಿಯನ್ನು ಬಳಸುವ ಮೊದಲು ತೊಳೆಯುವುದರಲ್ಲಿ ಮಾತ್ರ ಸೋಮಾರಿತನ ಬೇಡ, ಉಳಿದ ಸಿಟಿಎಬಿ ಮೀನಿಗೆ ವಿಷ. ಭಟ್ಟಿ ಇಳಿಸಿದ ನೀರಲ್ಲೇ ತೊಳೆದು, ಆ ತೊಳೆನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿ. ತಿಳಿಹಳದಿ ಗಷ್ಟು ಕಂಡರೆ ಬ್ರೋಮೈಡ್ ಇನ್ನೂ ಇದೆ, ಮತ್ತೆ ತೊಳೆಯಿರಿ.