ಕೋಕೋಪೀಟ್‌ನಲ್ಲಿ ಟೊಮೆಟೊ ಸಸಿ ಹಳದಿಯಾದರೆ: ಸಾರಜನಕವೋ, ಮೆಗ್ನೀಸಿಯಮ್ಮೋ, ಕಬ್ಬಿಣವೋ?

ಹಳದಿ ಎಲ್ಲಿಂದ ಶುರುವಾಯಿತು ಎಂಬುದನ್ನು ಮೊದಲು ನೋಡಿ. ಬೀಜದಳ (ಮೊಳಕೆಯ ಮೊದಲ ಜೋಡಿ ಎಲೆ) ಮಾತ್ರ ಹಳದಿಯಾಗಿದ್ದರೆ ಚಿಂತೆ ಬೇಡ. ಅದರ ಕೆಲಸ ಮುಗಿದಿದೆ.

ಕೆಳಗಿನ ಎಲೆ ನರಗಳ ಸಮೇತ ಇಡಿಯಾಗಿ ಪೇಲವವಾದರೆ ಸಾರಜನಕದ ಕೊರತೆ. ಅದೇ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವಣ ಭಾಗ ಹಳದಿಯಾದರೆ ಮೆಗ್ನೀಸಿಯಮ್. ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ನನ್ನ ಅನುಮಾನ ಮೊದಲು ಹೋಗುವುದು ಇದರ ಮೇಲೆಯೇ: ತೆಂಗಿನ ನಾರು ಕ್ಯಾಲ್ಸಿಯಂ, ಮೆಗ್ನೀಸಿಯಮ್‌ಗಳನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಡುತ್ತದೆ. ಎಪ್ಸಮ್ ಉಪ್ಪು (ಮೆಗ್ನೀಸಿಯಮ್ ಸಲ್ಫೇಟ್) ಮೆಗ್ನೀಸಿಯಮ್ ಕೊಟ್ಟರೂ ಅದರಲ್ಲಿ ಕ್ಯಾಲ್ಸಿಯಂ ಇಲ್ಲ; ಎರಡೂ ಇರುವ ಗೊಬ್ಬರವೇ ಮೇಲು.

ಚಿಗುರೆಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣ. ಆಗ ಗೊಬ್ಬರ ಸುರಿಯುವ ಮುನ್ನ ನೀರಿನ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅಳೆಯಿರಿ, 5.8ರಿಂದ 6.2ರೊಳಗಿದ್ದರೆ ಸರಿ; ಅದು ಹೆಚ್ಚಿದ್ದರೆ ಇರುವ ಕಬ್ಬಿಣವೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಪೂರ್ತಿ ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗುವುದು ಅಪರೂಪ, ಗುಣವಾಯಿತೇ ಎಂದು ಹೊಸ ಎಲೆಯಲ್ಲಿ ನೋಡಿ.