‘ಬಂಕ್’ ಅಂದ್ರೆ ಮಂಚ ಅಲ್ಲ: ಅನುವಾದ ಆ್ಯಪ್ ಒಂದರ ಜೊತೆ ಮೂರು ವರ್ಷ

ಫ್ರಾನ್ಸಿನ ಗ್ರೆನೋಬ್ಲ್‌ಗೆ ಓದಲು ಬಂದ ಎರಡನೇ ವಾರ. ಪ್ರಾಜೆಕ್ಟ್ ಗುಂಪಿನಲ್ಲಿ ಎಲ್ಲರೂ ಎರಡು ಸಾಲು ಪರಿಚಯ ಬರೆದು ಹಾಕಬೇಕಿತ್ತು. ನಾನು ‘ಪಾಸ್ಡ್ ಔಟ್ ಇನ್ 2019’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದೆ. ಆ್ಯಪ್ ಕೊಟ್ಟ ಫ್ರೆಂಚನ್ನು ಹಾಗೇ ಅಂಟಿಸಿದೆ. ಐದು ನಿಮಿಷಕ್ಕೆ ಒಬ್ಬಳು ಕೇಳಿದಳು, ‘ಈಗ ಹುಷಾರಾಗಿದ್ದೀಯಾ?’ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ನನ್ನ ಪರಿಚಯ ಹೀಗಿತ್ತು: ಹಾಸನದಲ್ಲಿ ಎಂಜಿನಿಯರಿಂಗ್ ಓದಿದೆ, 2019ರಲ್ಲಿ ಮೂರ್ಛೆ ಬಿದ್ದೆ.

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಎಷ್ಟು ಭಾಷೆ ಬರುತ್ತದೆ, ಎಷ್ಟು ಅಕ್ಷರದ ಮಿತಿ ಅನ್ನುವುದೆಲ್ಲ ಅಂಥ ಆ್ಯಪ್‌ಗಳ ಪುಟದಲ್ಲೇ ಇರುತ್ತದೆ, ನೀವು ನೋಡಿರುತ್ತೀರಿ. ನಾನು ದುಡ್ಡು ಕೊಟ್ಟು ಬಳಸಿದ್ದು ಮೂರು ವರ್ಷ. ಎರಡು ವರ್ಷ ಮಾಸ್ಟರ್ಸ್ ಓದುವಾಗ, ಒಂದು ವರ್ಷ ಕೆಲಸಕ್ಕೆ ಸೇರಿದ ಮೇಲೆ. ತಿಂಗಳಿಗೆ ಹತ್ತಿರ ಹತ್ತಿರ 10 ಯೂರೋ. ಕ್ಯಾಂಪಸ್ ಕ್ಯಾಂಟೀನಲ್ಲಿ ನನ್ನ ಒಂದು ಊಟ 3.30 ಯೂರೋ ಇತ್ತು. ಅಂದರೆ ಪ್ರತಿ ತಿಂಗಳು ಮೂರು ಊಟ ಈ ಆ್ಯಪ್ ಹೊಟ್ಟೆಗೆ. ಅಷ್ಟು ತಿಂದಿದ್ದಕ್ಕೆ ಲೆಕ್ಕ ಕೇಳಬೇಕಲ್ವಾ?

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಬಾಡಿಗೆ ಕರಾರು, ವಿಮೆ, ಬ್ಯಾಂಕು, ವೀಸಾ ಕಚೇರಿಯ ಪತ್ರ, ಇವಕ್ಕೆಲ್ಲ ಚಿನ್ನದಂಥ ಆ್ಯಪ್. ಮನೆ ಮಾಲೀಕರಿಗೆ ನಾನು ಬರೆದ ಪತ್ರ ನೋಡಿ ಅವರು ನನ್ನನ್ನು ವಕೀಲ ಅಂದುಕೊಂಡರು. ತೊಂದರೆ ಶುರುವಾಗುವುದು ಪತ್ರ ಮುಚ್ಚಿಟ್ಟು ಸ್ನೇಹಿತರ ಜೊತೆ ಮಾತಾಡಲು ಕೂತಾಗ. ಅದರಲ್ಲೂ ಓದು, ಪರೀಕ್ಷೆ, ಕ್ಲಾಸ್ ವಿಷಯ ಬಂದಾಗ. ವಿದ್ಯಾರ್ಥಿಗೆ ದಿನದ ಮುಕ್ಕಾಲು ಮಾತು ಅದೇ ತಾನೇ.

ಆ್ಯಪ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ತಲೆಯಲ್ಲಿದ್ದ ಕನ್ನಡವನ್ನು ನಮ್ಮ ಕಾಲೇಜಿನ ಇಂಗ್ಲಿಷ್‌ಗೆ ತಂದು, ಅಲ್ಲಿಂದ ಫ್ರೆಂಚ್‌ಗೆ ದಾಟಿಸಬೇಕಿತ್ತು. ‘ಚಕ್ಕರ್ ಹೊಡೆಯೋಣ’ ಅನ್ನುವುದು ‘ಬಂಕ್’ ಆಯಿತು. ಆ್ಯಪ್ ಎರಡಂತಸ್ತಿನ ಮಂಚ ತೋರಿಸಿತು. ಪೂರ್ತಿ ವಾಕ್ಯ ಹಾಕಿದೆ. ‘ನಾಳೆ ಮಧ್ಯಾಹ್ನ ಮಲಗೋಣ’ ಅಂತ ಬಂತು! ಲ್ಯಾಬ್ ಜೊತೆಗಾತಿಗೆ ಕಳಿಸುವ ಮುಂಚೆ ಸುಮ್ನೆ ಅನುಮಾನ ಬಂದು ವಾಪಸ್ ಇಂಗ್ಲಿಷ್‌ಗೆ ತಿರುಗಿಸಿ ನೋಡಿದ್ದಕ್ಕೆ ಮಾನ ಉಳಿಯಿತು. ‘ಮಗ್ ಅಪ್’ ಹಾಕಿದರೆ ನಾನು ಎರಡು ಅಧ್ಯಾಯಗಳ ಮೇಲೆ ಹಲ್ಲೆ ಮಾಡಿದ್ದೆ. ‘ಬ್ಯಾಕ್‌ಲಾಗ್’ ಹಾಕಿದರೆ ‘ಆರಿಯೆರೇ’ ಅಂದಿತು. ಅದು ಬಾಡಿಗೆ ಬಾಕಿ, ಸಾಲದ ಬಾಕಿಗೆ ಹೇಳುವ ಮಾತು. ಮನುಷ್ಯರಿಗೆ ಹೇಳಿದರೆ ಬುದ್ಧಿ ಬೆಳೆಯದವನು ಅಂತ ಬೈದ ಹಾಗೆ. ‘ನನಗೆ ಎರಡು ಆರಿಯೆರೇ ಇವೆ’ ಅಂತ ಕ್ಯಾಂಟೀನಲ್ಲಿ ಹೇಳಿದಾಗ ಎದುರು ಕೂತವನು ಫೋರ್ಕ್ ಕೆಳಗಿಟ್ಟ.

ಇನ್ನು ಆ ಬಟನ್ ವಿಷಯ. ಈ ವಿಮರ್ಶೆ ಬರೆಯಲು ಕೂತಿದ್ದೇ ಅದರ ಸಿಟ್ಟಿಗೆ. ದುಡ್ಡು ಕೊಟ್ಟವರಿಗೆ ಮಾತ್ರ ಒಂದು ಬಟನ್ ಸಿಗುತ್ತದೆ: ‘ಔಪಚಾರಿಕ’ ಅಥವಾ ‘ಅನೌಪಚಾರಿಕ’. ನಾನು ಚಂದಾ ಕಟ್ಟಿದ್ದೇ ಇದಕ್ಕೆ. ಅನೌಪಚಾರಿಕ ಅಂತ ಒತ್ತಿದರೆ ಆಗುವುದು ಒಂದೇ ಕೆಲಸ. ‘ವೂ’ ಇದ್ದ ಕಡೆ ‘ತ್ಯು’ ಬರುತ್ತದೆ. ‘ನೀವು’ ಹೋಗಿ ‘ನೀನು’. ಅಷ್ಟೇ. ಉಳಿದ ಪದಗಳು ಕೋಟು ಬೂಟು ಹಾಕಿಕೊಂಡು ನಿಂತಲ್ಲೇ ನಿಂತಿರುತ್ತವೆ. ನನ್ನ ಬಗ್ಗೆ ನಾನೇ ಹೇಳುವ ವಾಕ್ಯದಲ್ಲಿ ‘ನೀವು’ ಇರುವುದೇ ಇಲ್ಲವಲ್ಲ, ಅಲ್ಲಿ ಬಟನ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

ಉದಾಹರಣೆಗೆ, ‘ಏನೂ ಓದಿಲ್ಲ’ ಅನ್ನುವ ಮಾತು. ಆ್ಯಪ್ ಕೊಡುವುದು ‘ಜ ನೆ ರಿಯಾಂ ರೆವಿಜೇ’. ವ್ಯಾಕರಣದಲ್ಲಿ ಒಂದು ಕೂದಲೂ ಆಚೀಚೆ ಇಲ್ಲ. ಆದರೆ ಮಾತಾಡುವಾಗ ಅಲ್ಲಿ ‘ನ’ಕಾರವನ್ನು ನುಂಗಿಬಿಡುತ್ತಾರೆ. ‘ಜೇ ರಿಯಾಂ ರೆವಿಜೇ’ ಅನ್ನುತ್ತಾರೆ. ಕ್ರಿಯಾಪದವೂ ಎಷ್ಟೋ ಸಲ ‘ಬೊಸ್ಸೇ’ ಆಗುತ್ತದೆ. ಕೆಲಸ ಮಾಡುವುದು, ಓದುವುದು ಎರಡಕ್ಕೂ ಅದೇ ಮಾತು. ಆ್ಯಪ್ ಕೊಟ್ಟಿದ್ದನ್ನು ಬಾಯಿಬಿಟ್ಟು ಹೇಳಿದರೆ ಹೇಗಿರುತ್ತದೆ ಗೊತ್ತಾ? ಕ್ಯಾಂಟೀನಲ್ಲಿ ಒಬ್ಬ ‘ಓದಿಲ್ಲ ಕಣೋ’ ಅನ್ನುವ ಬದಲು ‘ನಾನು ಅಧ್ಯಯನವನ್ನು ಕೈಗೊಂಡಿರುವುದಿಲ್ಲ’ ಅಂದ ಹಾಗೆ. ಇದನ್ನು ‘ತಾವು’ ತೆಗೆದು ‘ನೀನು’ ಹಾಕಿ ಸರಿ ಮಾಡಲು ಆಗುತ್ತದಾ?

ಮೂರು ಬಾರಿ ದೂರು ಕಳಿಸಿದೆ. ಮೂರು ಬಾರಿಯೂ ಒಂದೇ ಉತ್ತರ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಅದೂ ‘ವೂ’ ಹಾಕಿಕೊಂಡೇ.

ಹೀಗೆ ಬೈಯುತ್ತಾ ಬೈಯುತ್ತಾ ನನಗೊಂದು ಅಭ್ಯಾಸ ಬಿತ್ತು. ಬೆಳಗ್ಗೆ ಎದ್ದು ಸ್ಟೀಲ್ ಫಿಲ್ಟರ್‌ಗೆ ಮನೆಯಿಂದ ತಂದ ಪುಡಿ ಹಾಕಿ ಬಿಸಿನೀರು ಸುರಿಯುತ್ತಿದ್ದೆ. ಡಿಕಾಕ್ಷನ್ ಇಳಿಯಲು ಕಾಲು ಗಂಟೆ ಬೇಕು. ಅಷ್ಟರಲ್ಲಿ ಆ್ಯಪ್‌ನ ಹಳೆಯ ಹುಡುಕಾಟಗಳ ಪಟ್ಟಿ ತೆಗೆಯುವುದು. ಹಿಂದಿನ ದಿನ ಯಾವ ಮಾತಿಗೆ ಜನ ನಕ್ಕರೋ ಅದನ್ನು ಆರಿಸುವುದು. ಚಿಕ್ಕ ನೋಟ್‌ಬುಕ್‌ನಲ್ಲಿ ಮೂರು ಕಾಲಂ. ಮೊದಲನೆಯದು ಕನ್ನಡ, ಎರಡನೆಯದು ಆ್ಯಪ್ ಹೇಳಿದ್ದು, ಮೂರನೆಯದು ಖಾಲಿ. ಕಾಫಿ ಕುಡಿದು, ಟ್ರಾಮ್ ಬಿ ಹತ್ತಿ, ಯೂನಿವರ್ಸಿಟಿ ಲೈಬ್ರರಿ ನಿಲ್ದಾಣದಲ್ಲಿ ಇಳಿಯುವುದು. ಚಳಿಗಾಲದಲ್ಲಿ ಎದುರಿಗೆ ಬೆಲ್‌ದೊನ್ ಬೆಟ್ಟದ ಸಾಲು ಪೂರ್ತಿ ಬೆಳ್ಳಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸ್ನೇಹಿತರನ್ನು ಕೇಳಿ ಮೂರನೇ ಕಾಲಂ ತುಂಬಿಸುವುದು. ದಿನಕ್ಕೆ ಐದೇ ಮಾತು. ಜಾಸ್ತಿ ಕೇಳಿದರೆ ಅವರ ಊಟ ಆರುತ್ತದೆ.

ಆ ಮೂರನೇ ಕಾಲಂ ನೋಡುತ್ತಾ ಹೋದ ಹಾಗೆ ನನ್ನ ಸಿಟ್ಟು ಇಳಿಯಿತು ಅನ್ನಬೇಕು.

ಓದಿನ ಬಗ್ಗೆ ನಾವು ಕನ್ನಡದಲ್ಲಿ ಏನೇನು ಅನ್ನುತ್ತೇವೆ ನೋಡಿ. ಉರು ಹೊಡೆ, ಚಕ್ಕರ್ ಹೊಡೆ, ಕಾಪಿ ಹೊಡೆ, ಡುಮ್ಕಿ ಹೊಡೆ. ನಮ್ಮ ವಿದ್ಯಾಭ್ಯಾಸ ಪೂರ್ತಿ ಹೊಡೆದಾಟ. ಫ್ರೆಂಚರದ್ದು ನೀರಾವರಿ ಇಲಾಖೆ. ಕ್ಲಾಸಿಗೆ ಚಕ್ಕರ್ ಹೊಡೆಯುವುದು ‘ಸೆಶೇ’, ಅಂದರೆ ಒಣಗಿಸುವುದು. ಪರೀಕ್ಷೆಯಲ್ಲಿ ಉತ್ತರ ಹೊಳೆಯದೆ ಕೂತರೂ ‘ಸೆಶೇ’, ಅಲ್ಲಿ ಒಣಗುವವನು ನೀವು. ಹಾಗೆ ಒಣಗದ ಹಾಗೆ ಅಂಗಿ ತೋಳಿನಲ್ಲಿ ಮಡಚಿಟ್ಟುಕೊಳ್ಳುವ ಚೀಟಿಗೆ ‘ಆಂತಿಸೆಶ್’ ಅಂತ ಹೆಸರು. ಒಣಗುವಿಕೆ ವಿರುದ್ಧದ ಮದ್ದು! ಪಕ್ಕದವನ ಪೇಪರ್ ನೋಡಿ ಬರೆದರೆ ‘ಪೊಂಪೇ’, ಪಂಪ್ ಹೊಡೆದು ಎತ್ತಿದ ಹಾಗೆ. ಫ್ರಾನ್ಸ್ ಬಿಟ್ಟು ಕೆನಡಾದ ಕ್ವೆಬೆಕ್‌ಗೆ ಹೋದರೆ ಫೇಲ್ ಆಗುವುದಕ್ಕೆ ‘ಕೂಲೇ’ ಅನ್ನುತ್ತಾರೆ, ಮುಳುಗುವುದು. ಇಲ್ಲಿ ನಾನು ನೋಟ್‌ಬುಕ್ ಕೆಳಗಿಟ್ಟೆ. ನಮ್ಮ ‘ಗೋತಾ ಹೊಡೆದ’ ಅನ್ನುವುದರಲ್ಲಿ ಗೋತಾ ಅಂದರೂ ಮುಳುಗುವುದೇ ಅಲ್ವಾ.

ಉರು ಹೊಡೆಯುವುದಕ್ಕೆ ‘ಬಾಶೋತೇ’. ಅವರ ಹನ್ನೆರಡನೇ ತರಗತಿ ಮುಗಿಯುವಾಗಿನ ಬಾಕ್ ಪರೀಕ್ಷೆ ನೆಪೋಲಿಯನ್ ಕಾಲದ್ದು, 1808ರಲ್ಲಿ ಶುರುವಾದದ್ದು. ಅದಕ್ಕೆ ಹಿಂದೆ ‘ಬಾಶೋ’ ಅಂತ ಅಡ್ಡಹೆಸರಿತ್ತು, ಕ್ರಿಯಾಪದ ಹುಟ್ಟಿದ್ದು ಅದರಿಂದ. ಪರೀಕ್ಷೆ ಮುಗಿದ ಮರುದಿನ ಮರೆಯುವ ಹಾಗೆ ಓದುವುದಕ್ಕೆ ಆ ಮಾತು ಸರಿ. ಬೆವರು ಸುರಿಸಿ ನಿಜವಾಗಿ ಓದಿದರೆ ‘ಬ್ಯೂಶೇ’. ಬ್ಯೂಶ್ ಅಂದರೆ ಸೌದೆ, ಸೌದೆ ಕಡಿದ ಹಾಗೆ ಓದುವುದು. ನಮ್ಮ ‘ಬೈಹಾರ್ಟ್’ ಒಂದು ಮಾತ್ರ ಗಡಿ ದಾಟಿ ಹಾಗೇ ಬದುಕಿದೆ: ‘ಪಾರ್ ಕರ್’, ಹೃದಯದಿಂದಲೇ. ಮೇಷ್ಟ್ರ ಹಿಂದೆ ಮುಂದೆ ಸುತ್ತುವವನು ‘ಫಾಯೋ’, ಅಂದರೆ ಹುರುಳಿಕಾಯಿಯ ಬೀಜ. ನಮ್ಮ ‘ಕುಡುಮಿ’ಗೆ ಹತ್ತಿರದ್ದು ‘ಆಂತೆಲೋ’. ಆದರೆ ಕುಡುಮಿ ಅನ್ನುವಾಗ ಇರುವ ಆ ಸಣ್ಣ ಹೊಟ್ಟೆಕಿಚ್ಚಿನ ರುಚಿ ಅದಕ್ಕಿಲ್ಲ. ಮೂರನೇ ಕಾಲಂ ಪಕ್ಕ ಪೆನ್ಸಿಲ್‌ನಲ್ಲಿ ‘ಪರವಾಗಿಲ್ಲ’ ಅಂತ ಬರೆದುಕೊಂಡಿದ್ದೇನೆ.

ಬ್ಯಾಕ್‌ಲಾಗ್ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಸೆಮಿಸ್ಟರ್ ಪರೀಕ್ಷೆಗೆ ‘ಪಾರ್ಸಿಯೆಲ್’. ಅದರಲ್ಲಿ ಬಿದ್ದವರಿಗೆ ‘ರಾತ್ರಪಾಜ್’, ಹಿಂದೆ ಬಿದ್ದಿದ್ದನ್ನು ಓಡಿ ಹಿಡಿಯುವುದು. ಡಿಗ್ರಿ ಹುಡುಗರಲ್ಲಿ ಕೆಲವರು ‘ನಾನು ಅಜಾಕ್’ ಅನ್ನುತ್ತಿದ್ದರು. ಒಂದೆರಡು ವಿಷಯ ಬಾಕಿ ಇದ್ದರೂ ಮುಂದಿನ ವರ್ಷಕ್ಕೆ ಹೋಗಲು ಬಿಟ್ಟಿದ್ದಾರೆ ಅಂತ ಅರ್ಥ. ನಮ್ಮ ವಿಟಿಯು ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ್ಯಪ್‌ಗೆ ‘ಅಜಾಕ್’ ಹಾಕಿದೆ. ಯಾರದೋ ಹೆಸರು ಅಂದುಕೊಂಡು ಹಾಗೇ ಬಿಟ್ಟಿತು.

ಎಲ್ಲಕ್ಕೂ ಆ್ಯಪನ್ನೇ ದೂರುವುದು ಸರಿಯಲ್ಲ. ಒಂದು ದೊಡ್ಡ ತಪ್ಪು ಪೂರ್ತಿ ನನ್ನದೇ. ಮೊದಲ ಸೆಮಿಸ್ಟರ್ ಮುಗಿದಾಗ ಆ್ಯಪ್ ನೋಡದೆ, ಭಾರಿ ಧೈರ್ಯದಿಂದ, ನಮ್ಮ ಗೈಡ್‌ಗೆ ‘ಜೇ ಪಾಸ್ಸೇ’ ಅಂದೆ. ಪಾಸಾದೆ ಅಂತ ನನ್ನ ಲೆಕ್ಕ. ಅವರು ‘ಸರಿ, ಆಮೇಲೆ?’ ಅಂದರು. ನಾನು ಮತ್ತೆ ‘ಪಾಸ್ಸೇ’ ಅಂದೆ. ಫ್ರೆಂಚ್‌ನಲ್ಲಿ ಅದಕ್ಕೆ ಪರೀಕ್ಷೆ ಬರೆದೆ ಅಂತ ಮಾತ್ರ ಅರ್ಥ. ಪಾಸಾಗಿದ್ದರೆ ‘ರೆಯ್ಯುಸಿ’ ಅನ್ನಬೇಕು. ಮನೆಗೆ ಬಂದು ಆ್ಯಪ್‌ನಲ್ಲಿ ನೋಡಿದರೆ ಅದು ಸರಿಯಾಗಿಯೇ ಹೇಳುತ್ತಿತ್ತು. ಕೇಳಿದ್ದರೆ ತಾನೇ ಹೇಳುವುದು.

ಅದೇ ರಾತ್ರಿ ಅಮ್ಮನಿಗೆ ಫೋನ್ ಮಾಡಿ 20ಕ್ಕೆ 14 ಬಂದಿದೆ ಅಂದೆ. ‘ಯಾಕೋ ಮಗ, ಹುಷಾರಿರ್ಲಿಲ್ವಾ?’ ಅಂದರು. 10 ಬಂದರೆ ಪಾಸು, 12ಕ್ಕೆ ‘ಅಸ್ಸೇ ಬಿಯಾಂ’, 14ಕ್ಕೆ ‘ಬಿಯಾಂ’, 16 ಮುಟ್ಟಿದರೆ ‘ತ್ರೇ ಬಿಯಾಂ’, 20 ಯಾರಿಗೂ ಸುಲಭಕ್ಕೆ ಕೊಡುವುದಿಲ್ಲ ಅಂತ ವಿವರಿಸಿದೆ. ‘ಆಯ್ತು, ಮುಂದಿನ ಸಲ ಚೆನ್ನಾಗಿ ಓದು’ ಅಂದು ಇಟ್ಟರು. ಇದನ್ನು ಅನುವಾದ ಮಾಡುವ ಆ್ಯಪ್ ಇನ್ನೂ ಬಂದಿಲ್ಲ.

ಎರಡನೇ ವರ್ಷ ಬೆಲ್ಜಿಯಂನ ಲಿಯೇಜ್‌ನಿಂದ ಒಬ್ಬ ಸೇರಿಕೊಂಡ. ಡಿಸೆಂಬರ್‌ನಲ್ಲಿ ಅವನ ಊರಿನ ಗೆಳೆಯರೆಲ್ಲ ‘ಬ್ಲೊಕ್ಯುಸ್’ನಲ್ಲಿದ್ದಾರೆ ಅಂದ. ಆ್ಯಪ್ ಕೇಳಿದರೆ ದಿಗ್ಬಂಧನ ಅಂದಿತು. ಯುದ್ಧವೇನೋ ಅಂದುಕೊಂಡೆ. ಬೆಲ್ಜಿಯಂನಲ್ಲಿ ಪರೀಕ್ಷೆಗೆ ಮುಂಚಿನ ಓದುವ ರಜೆಗೆ ಅದೇ ಹೆಸರಂತೆ. ಅವರು ಕ್ಲಾಸನ್ನು ಒಣಗಿಸುವುದೂ ಇಲ್ಲ, ಬ್ರಷ್‌ನಿಂದ ಗುಡಿಸುತ್ತಾರೆ: ‘ಬ್ರೊಸ್ಸೇ’. ಒಂದೇ ಭಾಷೆ, ರೈಲಿನಲ್ಲಿ ಒಂದು ದಿನದ ದಾರಿ, ಚಕ್ಕರ್ ಹೊಡೆಯುವ ರೀತಿ ಬೇರೆ. ಹಾಸನದವನಾಗಿ ಧಾರವಾಡದ ಹಾಸ್ಟೆಲ್‌ನಲ್ಲಿ ಒಂದು ವಾರ ಇದ್ದು ಬಂದ ನನಗೆ ಇದರಲ್ಲಿ ಆಶ್ಚರ್ಯ ಏನೂ ಆಗಲಿಲ್ಲ. ಆದರೆ ಯಾವ ಮಾತು ಯಾವ ಊರಿನದು ಅಂತ ಪಕ್ಕದಲ್ಲಿ ಒಂದು ಪದ ಬರೆಯಲು ಆ್ಯಪ್‌ಗೆ ಏನು ಕಷ್ಟ?

ಮೂರನೇ ವರ್ಷ ಚಂದಾ ಏರಿಸಿದರು. ಬಟನ್ ಹಾಗೇ ಇತ್ತು. ಅಷ್ಟು ಹೊತ್ತಿಗೆ ನಾನು ಅದನ್ನು ಒತ್ತುವುದನ್ನೇ ಬಿಟ್ಟಿದ್ದೆ. ಕಂಪನಿಯ ಇಮೇಲ್‌ಗೆ ಕೋಟು ಬೂಟಿನ ಫ್ರೆಂಚೇ ಸಾಕು, ಅದು ಉಚಿತ ಆವೃತ್ತಿಯಲ್ಲೇ ಸಿಗುತ್ತದೆ. ಹೋದ ತಿಂಗಳು ಚಂದಾ ನಿಲ್ಲಿಸಿದೆ. ನಿಲ್ಲಿಸುವ ಮುಂಚೆ ಹಳೆಯ ಹುಡುಕಾಟದ ಪಟ್ಟಿಯನ್ನು ಪೂರ್ತಿ ಇಳಿಸಿಕೊಂಡೆ. ದುಡ್ಡು ಕೊಟ್ಟಿದ್ದಕ್ಕೆ ನನಗೆ ದಕ್ಕಿದ ಆಸ್ತಿ ಅಂದರೆ ಅದೇ. ಮೊದಲ ವಾರದ ಪುಟದಲ್ಲಿ ‘ಮೊಸರು ಎಲ್ಲಿದೆ’, ‘ಹೀಟರ್ ಆನ್ ಮಾಡುವುದು ಹೇಗೆ’, ‘ನನಗೆ ಅರ್ಥವಾಗಲಿಲ್ಲ, ನಿಧಾನ ಹೇಳಿ’. ಆ ಕೊನೆಯದು ಒಂದೇ ದಿನ ಹದಿನಾಲ್ಕು ಸಲ ಇದೆ. ಡಿಕಾಕ್ಷನ್ ತಣ್ಣಗಾಗುವ ತನಕ ಓದುತ್ತಾ ಕೂತೆ.

ಪತ್ರ ವ್ಯವಹಾರ, ಕಚೇರಿ, ಬಾಡಿಗೆ ಮನೆಗೆ ಆದರೆ ಉಚಿತದ್ದು ಹಾಕಿಕೊಳ್ಳಿ, ಸಾಕು. ಓದಲು ಬರುವ ಹುಡುಗ ಹುಡುಗಿಯರು ಆ ಬಟನ್‌ಗೋಸ್ಕರ ದುಡ್ಡು ಕೊಡಬೇಡಿ. ಆ ಹಣದಲ್ಲಿ ತಿಂಗಳಿಗೆ ಮೂರು ಸಲ ಯಾರಿಗಾದರೂ ಊಟ ಕೊಡಿಸಿ, ಎದುರಿಗೆ ನೋಟ್‌ಬುಕ್ ಇಟ್ಟುಕೊಳ್ಳಿ. ಅಂಕ ಕೊಡಲೇಬೇಕು ಅಂದರೆ 20ಕ್ಕೆ 11. ಪಾಸು. ಆದರೆ ‘ಅಸ್ಸೇ ಬಿಯಾಂ’ ಕೂಡ ಇಲ್ಲ, ಅದು 12ರಿಂದ ಶುರು.

ಇದನ್ನು ಬರೆಯುವ ಮುಂಚೆ ನ್ಯಾಯ ಇರಲಿ ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿದೆ. ‘ಬಂಕ್ ಎ ಕ್ಲಾಸ್’ ಹಾಕಿದರೆ ಈಗ ‘ಸೆಶೇ’ ಬರುತ್ತದೆ. ಯಾರೋ ಸರಿ ಮಾಡಿದ್ದಾರೆ, ಖುಷಿಯಾಯಿತು. ‘ಎಂಜಿನಿಯರಿಂಗ್ ಕಾಲೇಜಿಂದ ಪಾಸ್ಡ್ ಔಟ್’ ಅಂದರೂ ಡಿಗ್ರಿ ಕೊಡುತ್ತದೆ. ‘ಪಾಸ್ಡ್ ಔಟ್ ಇನ್ 2019’ ಅಂತ ಅಷ್ಟೇ ಹಾಕಿದರೆ ಮಾತ್ರ ಇನ್ನೂ ಮೂರ್ಛೆ ಬೀಳುತ್ತೇನೆ.